ಲ್ಯಾಬಿನ ಗೋ ಟೆಲಿಮೆಟ್ರಿ ಬಗ್ಗೆ

ಸರ್, ದಾವಣಗೆರೆಯ ನಿಮ್ಮ ಕಾಲೇಜು ಲ್ಯಾಬಿನಲ್ಲಿ ಗೋ ಪ್ರೋಗ್ರಾಮಿಂಗ್ ಭಾಷೆಯ 1.23 ಆವೃತ್ತಿ ಹಾಕಿದ್ದೀರಿ, ಅದರ ಟೆಲಿಮೆಟ್ರಿ (ಬಳಕೆಯ ಎಣಿಕೆ ಇಡುವ ವ್ಯವಸ್ಥೆ) ಹುಡುಗರ ಬಳಕೆ ಮಾಹಿತಿಯನ್ನು ಹೊರಗೆ ಕಳಿಸುತ್ತದಾ ಅಂತ ಕೇಳಿದ್ದೀರಿ ಅಲ್ವಾ? ಗಾಬರಿ ಬೇಡ. ನೀವಾಗಿ ಆನ್ ಮಾಡದೆ ಏನೂ ಹೋಗುವುದಿಲ್ಲ. ಮೊದಲಿಗೆ ಅದು ‘ಲೋಕಲ್’ ಸ್ಥಿತಿಯಲ್ಲಿರುತ್ತದೆ. ಯಾವ ಕಮಾಂಡ್ ಎಷ್ಟು ಸಲ ಓಡಿತು ಎಂಬಂಥ ಎಣಿಕೆ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಅದೂ ಬೇಡ ಅಂದ್ರೆ ಟರ್ಮಿನಲ್‌ನಲ್ಲಿ ‘go telemetry off’ ಕೊಡಿ. ಬರೀ ‘go telemetry’ ಕೊಟ್ಟರೆ ಈಗಿನ ಸ್ಥಿತಿ ತೋರಿಸುತ್ತದೆ. ಆದರೆ ಈ ಸೆಟ್ಟಿಂಗ್ ಆಯಾ ಯೂಸರ್‌ಗೆ ಮಾತ್ರ. ಅಡ್ಮಿನ್ ಲಾಗಿನ್‌ನಲ್ಲಿ ಆಫ್ ಮಾಡಿದರೆ ಹುಡುಗರ ಲಾಗಿನ್‌ಗೆ ತಾಗುವುದಿಲ್ಲ. ಪ್ರತಿ ಲಾಗಿನ್‌ನಲ್ಲೂ ಮಾಡಬೇಕು.

ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಆನ್ ಇಟ್ಟಿದ್ದೇನೆ, ಗೋ ತಿದ್ದುವವರಿಗೆ ನೆರವಾಗಲಿ ಅಂತ. ಲ್ಯಾಬಿನಲ್ಲಿ ಮಾತ್ರ ಹುಡುಗರನ್ನು ಕೇಳದೆ ಆನ್ ಮಾಡಬೇಡಿ.