ಮೂರು ಸಲ ಬಿದ್ದೆ, ಎಬಿಎಸ್ ಇರೋ ಬೈಕ್ ತಗೊಳ್ಳಲಾ, ಬೈಕೇ ಬಿಟ್ಟುಬಿಡಲಾ?

ಒಂದು ವರ್ಷದಲ್ಲಿ ಮೂರು ಸಲ ಬಿದ್ದೆ, ಮೂರೂ ಸಲ ಸ್ಪೀಡ್ ನಲವತ್ತರ ಒಳಗೇ ಇತ್ತು, ಕಳೆದ ವಾರ ಬಿದ್ದಾಗ ಕೈ ಊರಿದೆ ಅಂತ ಬರೆದಿದ್ದೀರಿ. ಓದುತ್ತಲೇ ನನ್ನ ಬಲಗೈ ನೋಡಿಕೊಂಡೆ.

ನಾನು 1996ರಿಂದ ಬೈಕ್ ಓಡಿಸುತ್ತಿದ್ದೇನೆ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಇಷ್ಟೇ ನನ್ನ ಓಡಾಟ. ಏಳು ಸಲ ಬಿದ್ದಿದ್ದೇನೆ. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟು ಒಮ್ಮೆ, ಲಾರಿಯಿಂದ ಬಿದ್ದು ರಸ್ತೆಯಲ್ಲಿ ಜಜ್ಜಿಹೋಗಿದ್ದ ಟೊಮೆಟೊ ಮೇಲೆ ಒಮ್ಮೆ, ಮೊದಲ ಮಳೆಗೆ ಧೂಳೂ ಆಯಿಲ್ಲೂ ಕಲೆತು ರಸ್ತೆ ಜಾರುತ್ತಿದ್ದಾಗ ಇನ್ನೊಮ್ಮೆ. ಅವೆಲ್ಲ ಮೊಣಕೈ ತರಚಿ, ಇಂಡಿಕೇಟರ್ ಒಡೆದು ಮುಗಿದವು. ಒಂದು ಮಾತ್ರ ಮುಗಿಯಲಿಲ್ಲ.

ಡಿಸೆಂಬರ್ ಸಂಜೆ. ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಸುಗ್ಗಿ ಬಂದರೆ ರಸ್ತೆಯೇ ಕಣ, ಬಸ್ಸು ಲಾರಿಗಳೇ ರೋಣಗಲ್ಲು, ಅದು ನಿಮಗೂ ಗೊತ್ತಿರುತ್ತೆ. ಮೂವತ್ತರಲ್ಲಿ ಬರುತ್ತಿದ್ದೆ. ಬಲಕ್ಕೆ ತಿರುವು, ಗಾಡಿ ಬಲಕ್ಕೆ ವಾಲಿತ್ತು. ಚಕ್ರ ಗಿಡದ ಮೇಲೆ ಹತ್ತಿದ್ದೇ ತಡ, ಗಾಬರಿಯಲ್ಲಿ ನಾಲ್ಕೂ ಬೆರಳಿಂದ ಮುಂದಿನ ಬ್ರೇಕ್ ಹಿಡಿದುಬಿಟ್ಟೆ.

ಇದೇ ನನ್ನ ತಪ್ಪು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈರಿಗೆ ಇರುವ ಹಿಡಿತ ಇಷ್ಟೇ ಅಂತ ಇರುತ್ತೆ. ತಿರುಗಿಸೋದಕ್ಕೂ ಅದೇ, ನಿಲ್ಲಿಸೋದಕ್ಕೂ ಅದೇ. ವಾಲಿದಾಗ ಅದರಲ್ಲಿ ಒಂದಷ್ಟು ಖರ್ಚಾಗಿಬಿಟ್ಟಿರುತ್ತೆ. ಮೇಲೆ ಹುರುಳಿ ಬೇರೆ. ಗಿಡ ಕಣ್ಣಿಗೆ ಹಾಸಿಗೆ ಥರ ಕಾಣುತ್ತೆ, ಆದರೆ ಅದರ ಕೆಳಗೆ ಉದುರಿದ ಕಾಳು ಟಾರಿನ ಮೇಲೆ ಉರುಳುತ್ತಿರುತ್ತೆ. ಅಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ತಿರುಗೋದು ನಿಂತು ಜಾರುತ್ತೆ ಅಷ್ಟೇ. ಗಿಡ ನನಗೆ ಐವತ್ತು ಅಡಿ ದೂರದಿಂದಲೇ ಕಂಡಿತ್ತು. ಗಾಡಿ ನೆಟ್ಟಗಿದ್ದಾಗಲೇ, ಬರೀ ಟಾರಿನ ಮೇಲೇ ಬ್ರೇಕ್ ಹಿಡಿದು, ಗೇರ್ ಇಳಿಸಿ, ಗಿಡದ ಮೇಲೆ ಏನೂ ಮುಟ್ಟದೆ ದಾಟಬೇಕಿತ್ತು. ಕಂಡೂ ಸುಮ್ನೆ ಬಂದೆ.

ಬಲ ಅಂಗೈ ಊರಿ ಬಿದ್ದೆ. ಉಳುಕು ಅಂದುಕೊಂಡು ಎಣ್ಣೆ ತಿಕ್ಕಿ ಒಂದು ತಿಂಗಳು ತಳ್ಳಿದೆ. ಆಮೇಲೆ ಗೊತ್ತಾಯಿತು, ಹೆಬ್ಬೆರಳ ಬುಡದಲ್ಲಿರುವ ಸಣ್ಣ ಮೂಳೆ ಸೀಳಿತ್ತು. ಅದಕ್ಕೆ ರಕ್ತ ಹೋಗೋದೇ ಕಡಿಮೆ, ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಇವತ್ತಿಗೂ ಒದ್ದೆ ಟವೆಲ್ ಹಿಂಡೋಕೆ ಎಡಗೈಯೇ ಗತಿ.

ಎಬಿಎಸ್ ವಿಷಯಕ್ಕೆ ಬಂದರೆ, 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಜಾಸ್ತಿ ಇರುವ ಹೊಸ ಬೈಕಿಗೆಲ್ಲ ಅದು ಕಡ್ಡಾಯ. ಒಳ್ಳೆಯದೇ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ, ಅಂದರೆ ತಿರುಗೋದು ನಿಲ್ಲದಂತೆ ನೋಡಿಕೊಳ್ಳುತ್ತೆ. ಆದರೆ ಕಾಳಿನ ಮೇಲೆ, ಜಲ್ಲಿಯ ಮೇಲೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತೆ? ಬೈಕ್ ಬದಲಾಯಿಸಬೇಡಿ, ಬಿಡಲೂಬೇಡಿ. ಖಾಲಿ ಮೈದಾನಕ್ಕೆ ಹೋಗಿ ಎರಡು ಬೆರಳಲ್ಲಿ ನಿಧಾನಕ್ಕೆ ಬ್ರೇಕ್ ಒತ್ತೋದು ರೂಢಿ ಮಾಡಿಕೊಳ್ಳಿ. ಹೆಲ್ಮೆಟ್ ಜೊತೆಗೆ ಗ್ಲೌಸ್ ಕೂಡ ಹಾಕಿ.

ಅದಕ್ಕೂ ಮೊದಲು ಈಗಲೇ, ಬಿದ್ದಾಗ ಊರಿದ ಕೈಯ ಹೆಬ್ಬೆರಳು ಎತ್ತಿ ಹಿಡಿದು, ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿ ನೋಡಿ. ನೋವಿದ್ದರೆ ನಾಳೆಯೇ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಮೊದಲ ಎಕ್ಸ್‌ರೇಯಲ್ಲಿ ಈ ಮುರಿತ ಕಾಣದೆಯೂ ಇರಬಹುದು, ನೋವು ಹೋಗದಿದ್ದರೆ ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು ತೆಗೆಸಿ.