ಮನೆ ಒಂದೇ, ಸಂಸಾರ ಬೇರೆ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಚಿತ್ರದ ಕೆಳಗೆ ‘ಸುಮೇರಿಯದ ದೊರೆ ಹಮ್ಮುರಾಬಿ’ ಎಂದು ಹಾಕಿದ್ದೀರಿ. ಅವನು ಬ್ಯಾಬಿಲೋನಿನವನಲ್ಲವೇ? ಅಷ್ಟಕ್ಕೂ ಆ ರಾಜರ ಕತೆಯೆಲ್ಲ ನಮಗ್ಯಾಕೆ?
– ನಿವೃತ್ತ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ:

ಮೇಷ್ಟ್ರೇ, ತಪ್ಪು ನಮ್ಮದೇ. ಅಚ್ಚಿಗೆ ಕಳಿಸುವ ಮುಂಚೆ ಆ ಪುಟ ಓದಿದವನು ನಾನು. ಕಣ್ಣು ತಪ್ಪಿತು.

ಸುಮೇರಿಯನ್ನರು, ಬ್ಯಾಬಿಲೋನಿನವರು ಇಬ್ಬರೂ ಬಾಳಿದ್ದು ಈಗಿನ ಇರಾಕಿನ ದಕ್ಷಿಣ ಭಾಗದಲ್ಲಿ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಬಯಲಲ್ಲಿ. ಮೊದಲು ಸುಮೇರಿಯನ್ನರು. ಉರ್, ಉರುಕ್, ನಿಪ್ಪೂರ್ ಅವರ ಊರುಗಳು. ಅವರ ನುಡಿಗೆ ನೆಂಟ ನುಡಿ ಯಾವುದೂ ಸಿಕ್ಕಿಲ್ಲ. ಕ್ರಿ.ಪೂ. 2000ರ ಹೊತ್ತಿಗೆ ಅವರ ಆಳ್ವಿಕೆ ಮುಗಿಯಿತು. ಆಮೇಲೆ ಬ್ಯಾಬಿಲೋನ್ ತಲೆ ಎತ್ತಿತು. ಅಲ್ಲಿನ ಬರಹ ಅಕ್ಕಾಡಿಯನ್ ನುಡಿಯಲ್ಲಿ. ಹಮ್ಮುರಾಬಿ ಆಳಿದ್ದು ಕ್ರಿ.ಪೂ. 1792ರಿಂದ 1750ರವರೆಗೆ. ಮನೆ ಒಂದೇ, ಸಂಸಾರ ಬೇರೆ. ಹಳೇ ಸಂಸಾರದ ಪಾತ್ರೆ ಪಗಡೆ ಮಾತ್ರ ಅಲ್ಲೇ ಉಳಿಯಿತು: ಲಿಪಿ, ದೇವರುಗಳು, 60ರ ಲೆಕ್ಕ. ನಮ್ಮ ಗಂಟೆಗೆ 60 ನಿಮಿಷ ಬಂದದ್ದೂ ಅಲ್ಲಿಂದಲೇ. ಮನೆಮಾತಾಗಿ ಸುಮೇರಿಯನ್ ಸತ್ತ ಮೇಲೂ ಬ್ಯಾಬಿಲೋನಿನ ಹುಡುಗರು ಶಾಲೆಯಲ್ಲಿ ಅದನ್ನು ಉರು ಹೊಡೆಯುತ್ತಿದ್ದರು.

ಇನ್ನು ರಾಜರ ಕತೆ. ಗೆದ್ದೆ, ಕಟ್ಟಿಸಿದೆ, ಮತ್ತೆ ಗೆದ್ದೆ ಎಂಬ ಶಾಸನಗಳು ನನಗೂ ಬೇಜಾರೇ. ಆದರೆ ಅಲ್ಲಿ ಬರವಣಿಗೆ ಶುರುವಾದದ್ದು ರಾಜರ ಹೊಗಳಿಕೆಯಿಂದಲ್ಲ. ಉರುಕ್‌ನಲ್ಲಿ ಸಿಕ್ಕ 5,000 ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಗಳಲ್ಲಿ ಜಾಸ್ತಿ ಇರುವುದು ಲೆಕ್ಕ. ಬಾರ್ಲಿ ಎಷ್ಟು, ಕುರಿ ಎಷ್ಟು, ಬಿಯರ್ ಎಷ್ಟು. ಹಸಿ ಜೇಡಿಮಣ್ಣು, ಜೊಂಡಿನ ಕಡ್ಡಿ, ಅಷ್ಟೇ ಸಾಮಾನು.

ನನಗೆ ಇಷ್ಟವಾದ ಹಲಗೆ ಬೇರೆ. ಉರ್‌ನಲ್ಲಿ ಸಿಕ್ಕಿದ್ದು, ಕ್ರಿ.ಪೂ. 1750ರ ಸುಮಾರಿನದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಉದ್ದ 11.6 ಸೆಂ.ಮೀ., ಅಗಲ 5 ಸೆಂ.ಮೀ., ಅಂಗೈಯಲ್ಲಿ ಹಿಡಿಯುವಷ್ಟು. ಹಿಂದೆ ಮುಂದೆ ಎರಡೂ ಕಡೆ ಒತ್ತೊತ್ತಾಗಿ ಬೆಣೆಯಂಥ ಗುರುತುಗಳು. ನನ್ನಿ ಎಂಬ ಗಿರಾಕಿ ಏಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಬರೆಸಿದ ತಕರಾರು. ಒಳ್ಳೇ ತಾಮ್ರದ ಗಟ್ಟಿ ಕೊಡ್ತೀನಿ ಅಂದೆ, ಕಳಪೆ ತೋರಿಸಿದೆ. ಬೇಕಾದರೆ ತಗೋ, ಬೇಡದಿದ್ದರೆ ಹೋಗು ಅಂದೆ. ದುಡ್ಡು ಕೇಳಲು ಶತ್ರುಗಳ ನೆಲ ದಾಟಿ ಬಂದ ನನ್ನ ಜನರನ್ನು ಬರಿಗೈಯಲ್ಲಿ ಕಳಿಸಿದೆ. ನನ್ನನ್ನು ಏನಂದುಕೊಂಡಿದ್ದೀಯಾ? ಇನ್ನು ಮೇಲೆ ನನ್ನ ಅಂಗಳದಲ್ಲೇ ಗಟ್ಟಿಗಳನ್ನು ಒಂದೊಂದಾಗಿ ಆರಿಸಿ ತಗೋತೀನಿ! ಹೀಗಿದೆ ಅದರ ಸಾರ. ಇದೊಂದೇ ಅಲ್ಲ, ಆ ವ್ಯಾಪಾರಿಯ ಮೇಲೆ ಬೇರೆಯವರ ದೂರುಗಳೂ ಸಿಕ್ಕಿವೆ. ಅಂಗಡಿಯಲ್ಲಿ ಮೋಸ ಹೋಗಿ ಬಂದವರ ಮಾತು ಹೀಗೇ ಇರುತ್ತೆ, ಅಲ್ವಾ?

ಅವರ ವ್ಯಾಪಾರ ನಮ್ಮ ಕಡೆಗೂ ಚಾಚಿತ್ತು. ಉರ್‌ನ ರಾಜರ ಗೋರಿಗಳಲ್ಲಿ ಸಿಂಧೂ ಕಡೆಯ ಕೆಂಪು ಮಣಿಗಳು ಸಿಕ್ಕಿವೆ. ಮೆಲುಹದ ಹಡಗುಗಳು ನನ್ನ ಕಟ್ಟೆಗೆ ಬಂದು ನಿಲ್ಲುತ್ತವೆ ಎಂದು, ಹಮ್ಮುರಾಬಿಗಿಂತ ಮುಂಚೆ ಅದೇ ಬಯಲನ್ನು ಆಳಿದ ಅಕ್ಕಾಡದ ದೊರೆ ಸರ್ಗೋನ್ ಕೊಚ್ಚಿಕೊಂಡಿದ್ದಾನೆ. ಮೆಲುಹ ಎಂದರೆ ಸಿಂಧೂ ಪ್ರದೇಶವೇ ಎಂಬುದು ಹೆಚ್ಚಿನ ವಿದ್ವಾಂಸರ ಮಾತು. ಪ್ಯಾರಿಸಿನ ಲೂವ್ರ್‌ನಲ್ಲಿ ಅಕ್ಕಾಡದ ಕಾಲದ ಒಂದು ಪುಟ್ಟ ಮುದ್ರೆ ಇದೆ. ಅದರ ಮೇಲೆ ‘ಶು-ಇಲಿಶು, ಮೆಲುಹದ ನುಡಿಯ ದುಭಾಷಿ’ ಎಂದಿದೆ. ಸಿಂಧೂ ಲಿಪಿಯನ್ನು ಇವತ್ತಿಗೂ ಓದಲಾಗಿಲ್ಲ. ಪುಣ್ಯಾತ್ಮ ನಾಲ್ಕು ಪದಗಳಿಗೆ ಅರ್ಥ ಬರೆದಿಟ್ಟ ಹಲಗೆಯೊಂದು ಸಿಕ್ಕರೆ ಸಾಕಿತ್ತು.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಲ್ಲ, ಹಮ್ಮುರಾಬಿಯ ಅದೇ ಚಿತ್ರದ ಜೊತೆಗೆ.