ಪುಕ್ಕಟೆ ಮಾತ್ರೆಗೆ ತೆರುವ ಬೆಲೆ

ಮದ್ದೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ನಮ್ಮೂರಿನವರು ಜ್ವರ ಬಂದರೆ ಸಾಲ ಮಾಡಿಯಾದರೂ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಬಿ.ಪಿ. ಮಾತ್ರೆ ತರುವುದಿಲ್ಲ. ಹತ್ತು ರೂಪಾಯಿ ಶುಲ್ಕವಿಟ್ಟರೆ ಅದರ ಬೆಲೆ ತಿಳಿದೀತು.”

ಮಾನ್ಯರೇ, ನೀವು ಕಂಡದ್ದು ನಿಜ. ಆದರೆ ನೀವು ಹೇಳುವ ಮದ್ದನ್ನು ಒಪ್ಪಲಾರೆ.

ಪಾಂಡವಪುರದ ಕಡೆಯ ನನ್ನ ಸೋದರತ್ತೆಯವರ ಲೆಕ್ಕ ಕೇಳಿ. ಮಾತ್ರೆಗೆಂದು ಹೋದರೆ ಅಂದಿನ ಕೂಲಿ ಹೋಯಿತು. ನಾಟಿಯ ಕಾಲವಾದರೆ ಆಳಿನ ಗುಂಪಿನಲ್ಲಿ ಅವರ ಜಾಗಕ್ಕೆ ಇನ್ನೊಬ್ಬರು ಬಂದಿರುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಕಾಸು ಕೊಡಬೇಕಿಲ್ಲ, ಆದರೆ ಚೀಟಿಯ ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಯಾರೂ ಮನ್ನಾ ಮಾಡಿಲ್ಲ. ಹೀಗಾಗಿ ಅವರು ಮೂವತ್ತು ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗಿ ಎರಡು ತಿಂಗಳಿಗೆ ಒದಗಿಸುತ್ತಾರೆ; ಉಳಿದವು ಸಾಸಿವೆ ಡಬ್ಬಿಯಲ್ಲಿ, ಸಂಘದ ಕಂತಿನ ದುಡ್ಡಿನ ಜೊತೆಗೆ ಇರುತ್ತವೆ. ಬಿ.ಪಿ. ನೋಯುವುದಿಲ್ಲ, ಜ್ವರ ನೋಯುತ್ತದೆ. ಅದೂ ಬಹುಪಾಲು ಜ್ವರ ತಾನಾಗಿಯೇ ಇಳಿಯುವಂಥದ್ದು, ಕೀರ್ತಿ ಮಾತ್ರ ಬಾಟಲಿಗೆ.

ಶುಲ್ಕದ ವಾದವನ್ನು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿಯೇ ನೋಡಿದ್ದಾರೆ. ಕೆನ್ಯಾದಲ್ಲಿ ಗರ್ಭಿಣಿಯರಿಗೆ ಕೊಡುವ ಸೊಳ್ಳೆಪರದೆಗೆ ನಿಜ ಬೆಲೆಯ ಹತ್ತರಲ್ಲೊಂದು ಪಾಲಿನಷ್ಟು, ಎಂದರೆ 60 ಸೆಂಟ್ ಇಟ್ಟಾಗ, ಪರದೆ ಒಯ್ಯುವವರ ಪ್ರಮಾಣ ನೂರಕ್ಕೆ 60ರಷ್ಟು ಇಳಿಯಿತು ಎಂದು ಜೆಸಿಕಾ ಕೊಹೆನ್ ಮತ್ತು ಪ್ಯಾಸ್ಕಲಿನ್ ದ್ಯುಪಾ 2010ರಲ್ಲಿ ಪ್ರಕಟಿಸಿದರು. ಪುಕ್ಕಟೆ ಪಡೆದವರು ಪರದೆ ಕಟ್ಟದೆ ಮೂಲೆಗೆಸೆದರು ಎಂಬುದಕ್ಕೆ ಆಧಾರವೇ ಸಿಗಲಿಲ್ಲ. ನಮ್ಮದೇ ದೇಶದ, ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತವರ ಜೊತೆಗಾರರು ಇದನ್ನು ತಿರುವುಮುರುವು ಮಾಡಿ ನೋಡಿದರು. ಊರಿನಲ್ಲೇ ನಿಯಮಿತವಾಗಿ ಲಸಿಕೆ ಶಿಬಿರ ನಡೆಸಿದಾಗ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇಕಡಾ 6ರಿಂದ 18ಕ್ಕೆ ಏರಿದರು; ಪ್ರತಿ ಚುಚ್ಚುಮದ್ದಿಗೆ ಒಂದು ಕಿಲೋ ಬೇಳೆ, ಕೊನೆಯಲ್ಲಿ ಊಟದ ತಟ್ಟೆಗಳನ್ನೂ ಕೊಟ್ಟ ಕಡೆ ಅದು 39 ಆಯಿತು. ಎಷ್ಟು ಮಕ್ಕಳು ಬಂದರೂ ನರ್ಸಿನ ಸಂಬಳ ಕೊಡಲೇಬೇಕಾದ್ದರಿಂದ, ಬೇಳೆ ಹಂಚಿದ ಶಿಬಿರದಲ್ಲೇ ತಲಾ ಮಗುವಿಗೆ ತಗುಲಿದ ಖರ್ಚು ಕಡಿಮೆ!

ದುಡ್ಡು ಪಡೆಯುವುದೇ ತಪ್ಪೆಂದಲ್ಲ. ರೈತರ ಆರೋಗ್ಯ ವಿಮೆಯಾದ ಯಶಸ್ವಿನಿ 2003ರಲ್ಲಿ ಜಾರಿಯಾದಾಗ ಸಹಕಾರ ಸಂಘದ ಸದಸ್ಯರು ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿದರು. ಆದರೆ ಅದು ಶಸ್ತ್ರಚಿಕಿತ್ಸೆಯ ಭಯಕ್ಕೆ, ಅದೂ ದಿನವೂ ಓಡಾಡುವ ಸೊಸೈಟಿಯಲ್ಲೇ ಕಟ್ಟಿದ ದುಡ್ಡು. ನೋವೇ ಕಾಣದ ರೋಗದ ಮಾತ್ರೆಗೆ ಅದೇ ನ್ಯಾಯ ಹಾಕಲಾಗದು.

ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆಯೆಂದು ಪತ್ರದಿಂದ ತಿಳಿಯುತ್ತದೆ. ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ಒಮ್ಮೆಗೇ ಕೊಡಲಾದೀತೇ, ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯ ಬಳಿಯೇ ಬಿ.ಪಿ. ನೋಡಲಾದೀತೇ ಎಂದು ನಿಮ್ಮ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಅವರು ಏನೆಂದರೆಂದು ಬರೆದರೆ ಪ್ರಕಟಿಸುತ್ತೇವೆ.

— ಸಂಪಾದಕ, ಮೈಸೂರು